ಅಣ್ಣನ ಪಾಲಿನ ಕಾಫಿ

ಹೊರಡುವ ಮುಂಚೆ

ನಾಗಪುರಕ್ಕೆ ಹೋಗಿಬಂದವರೆಲ್ಲ ಕಿತ್ತಳೆಯ ಬಗ್ಗೆ ಹೇಳುತ್ತಾರೆ. ನಾನೂ ಒಂದು ಬುಟ್ಟಿ ಕೊಂಡೆ. ಸೊಲ್ಲಾಪುರ ಬರುವಷ್ಟರಲ್ಲಿ ಅರ್ಧ ಹಣ್ಣು ಜಜ್ಜಿಹೋದವು, ಉಳಿದ ಅರ್ಧವನ್ನು ಗಾಡಿಯಲ್ಲಿದ್ದವರು ತಿಂದರು. ಆ ವಿಷಯ ಅಲ್ಲಿಗೆ ಮುಗಿಯಿತು. ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ.

ನಾನು ಧಾರವಾಡದ ತಂತಿ ಕಚೇರಿಯವನು. ಎಂಬತ್ತರ ದಶಕದ ನಡುವಿನ ಒಂದು ಡಿಸೆಂಬರಿನಲ್ಲಿ ಹೊಸ ಯಂತ್ರದ ತರಬೇತಿಗೆಂದು ನನ್ನನ್ನು ಹತ್ತು ದಿನ ನಾಗಪುರಕ್ಕೆ ಹಾಕಿದರು. ಬೇರೆಯವರಾಗಿದ್ದರೆ ಊರು ನೋಡಿದಂತಾಯಿತು ಎಂದು ಹಿಗ್ಗುತ್ತಿದ್ದರು. ನಾನು ಆರ್ಡರನ್ನು ಕಿಸೆಯಲ್ಲಿಟ್ಟುಕೊಂಡು ಎರಡು ದಿನ ಮನೆಯಲ್ಲಿ ಬಾಯಿಬಿಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದೆ. ಅವ್ವ ಬಡಿಸುತ್ತಿದ್ದ ಸೌಟನ್ನು ಹಿಡಿದುಕೊಂಡು ಹಾಗೇ ನಿಂತಳು.

ನನ್ನ ಒಬ್ಬಳೇ ತಂಗಿ ಕುಸುಮ ನಾಗಪುರದಲ್ಲಿ ಐದು ವರ್ಷ ಇದ್ದಳು. ಗಂಡ ವಸಂತರಾಯ ವಾಯುಪಡೆಯಲ್ಲಿ ಸಾರ್ಜೆಂಟ್. ಮಕ್ಕಳಿರಲಿಲ್ಲ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಕಾಮಾಲೆ ಎದ್ದು ಎಂಟೇ ದಿನದಲ್ಲಿ ಹೋಗಿಬಿಟ್ಟಳು. ಆ ತಂತಿ ಧಾರವಾಡಕ್ಕೆ ಬಂದಾಗ ಡ್ಯೂಟಿಯಲ್ಲಿದ್ದವನು ನಾನೇ, ಒಂದೊಂದೇ ಅಕ್ಷರ ಬರೆದುಕೊಂಡವನೂ ನಾನೇ. ಎಲ್ಲ ಮುಗಿದಿದೆ, ನಾನೇ ಬರುತ್ತೇನೆ ಎಂದು ಅದರಲ್ಲಿತ್ತು. ವಸಂತರಾಯ ಅಸ್ಥಿ ತಂದ, ಸೀರೆ ತಂದ, ಕೊರಳ ಸರ ತಂದು ಅವ್ವನ ಮುಂದಿಟ್ಟ. ಮರುವರ್ಷ ಅವನಿಗೆ ಅಸ್ಸಾಮಿಗೆ ವರ್ಗವಾಯಿತು, ಬೇರೆ ಮದುವೆಯೂ ಆಯಿತು. ಅವನ ಮೇಲೆ ನನ್ನ ದೂರೇನೂ ಇಲ್ಲ. ಇರುವ ದೂರೆಲ್ಲ ನನ್ನ ಮೇಲೇ.

ಅವಳಿದ್ದ ಐದು ವರ್ಷದಲ್ಲಿ ನಾನು ಒಮ್ಮೆಯೂ ನಾಗಪುರಕ್ಕೆ ಹೋಗಲಿಲ್ಲ. ಪ್ರತಿವರ್ಷ ತಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಬಾ ಎಂದು ಬರೆಯುತ್ತಿದ್ದಳು, ನಾನು ಖಂಡಿತ ಬರುತ್ತೇನೆ ಎಂದು ಬರೆಯುತ್ತಿದ್ದೆ. ಒಂದು ವರ್ಷವಂತೂ ಯಾವ ಗಾಡಿಗೆ ಬರುತ್ತೇನೆಂಬುದನ್ನೂ ಬರೆದೆ, ಚೀಲ ಕಟ್ಟಿದೆ. ಆಮೇಲೆ ಮಂಚದ ಮೇಲೆ ಕೂತು ಯೋಚಿಸಿದೆ. ಎರಡು ಕಡೆ ಗಾಡಿ ಬದಲಿಸಬೇಕು, ಚಳಿ ಬೇರೆ, ಹೋಗಿ ಅಲ್ಲಿ ಯಾರದೋ ಹಾಡು ಕೇಳಬೇಕು. ಇನ್ನೊಮ್ಮೆ ನೋಡೋಣ ಎಂದು ಚೀಲ ಬಿಚ್ಚಿದೆ. ಊರ ಮಂದಿಯ ತಂತಿಯನ್ನೆಲ್ಲ ಕಳಿಸುವ ನಾನು ಬರುವುದಿಲ್ಲವೆಂದು ನನ್ನದೊಂದು ಕಳಿಸಲಿಲ್ಲ. ನಾಚಿಕೆಯಾಗಿತ್ತು. ಅವಳ ಕಾಗದ ಬಂತು: "ಸ್ಟೇಷನ್ನಿಗೆ ಹೋಗಿದ್ದೆವು. ಗಾಡಿ ಬಂದು ಹೋಯಿತು. ಇರಲಿ, ಮುಂದಿನ ವರ್ಷ ಬಾ."

ಅವ್ವ ಇದನ್ನೆಲ್ಲ ಎತ್ತಿ ಆಡಲಿಲ್ಲ. ಹೊರಡುವ ದಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತುಂಬುತ್ತ ಇಷ್ಟೇ ಹೇಳಿದಳು: "ಅಕಿ ದಿನಾ ಕೈಯಾಗ ಹಿಡದದ್ದು ಏನಾರ ಒಂದ ತಗೊಂಡ ಬಾ. ಸೀರಿ, ಬಂಗಾರ ಅಲ್ಲ. ಕೈಯಾಗ ಹಿಡದದ್ದು."

ಮೂರು ವರ್ಷದ ಮೇಲೆ, ಗಂಡನೂ ಇಲ್ಲದ ಊರಲ್ಲಿ, ಅಂಥದ್ದು ಎಲ್ಲಿ ಸಿಗಬೇಕು? ಆದರೂ ಹೂಂ ಅಂದೆ. ಹೂಂ ಅನ್ನುವುದು ನನಗೆ ಮೊದಲಿನಿಂದಲೂ ಸುಲಭ.

ಮೊದಲ ಎರಡು ದಿನ

ನಾಗಪುರದವರು ಮಾತಿನ ಕೊನೆಗೆ "ಜೀ" ಹಚ್ಚುತ್ತಾರೆ. ಕೂಡ್ರಿ ಎನ್ನಲು ಬಸಾ ನಾ ಜೀ, ತಗೊಳ್ರಿ ಎನ್ನಲು ಘ್ಯಾ ನಾ ಜೀ. ನಮ್ಮ ಕಡೆ "ರೀ" ಇದ್ದ ಜಾಗದಲ್ಲಿ ಅವರ "ಜೀ" ಕೂತಿದೆ ಎಂದು ತಿಳಿದ ಮೇಲೆ ಊರು ಅರ್ಧ ಪರಿಚಯವಾದಂತಾಯಿತು. ಉಳಿದ ಅರ್ಧದಲ್ಲಿ ಪೆಟ್ಟು ತಿಂದೆ. ಬೆಳಿಗ್ಗೆ ಅವಲಕ್ಕಿ ಕೇಳಿದರೆ ಅದರ ಮೇಲೆ ಕೆಂಪು ಎಣ್ಣೆ ತೇಲುವ ಕಡಲೆಕಾಳಿನ ರಸ ಸುರಿದು ಕೊಟ್ಟರು. ಖಾರಕ್ಕೆ ನಾವೇ ಹೆಸರಾದವರು ಎಂದುಕೊಂಡಿದ್ದ ನಾನು ಎರಡನೆಯ ತುತ್ತಿಗೆ ಕಣ್ಣೊರೆಸಿಕೊಂಡೆ. ಅಂಗಡಿಯವ ಮರುಕಪಟ್ಟು ಮೇಲೆ ಮೊಸರು ಹಾಕಿದ.

ತರಬೇತಿ ಐದಕ್ಕೆ ಮುಗಿಯುತ್ತಿತ್ತು. ಆಮೇಲೆ ಊರು ಮನೆಯಿಂದ ಹೊರಗೆ ಬರುತ್ತದೆ. ಪಾನ್‌ಠೇಲಾ ಎಂದರೆ ನಮ್ಮ ಬೀಡಾ ಅಂಗಡಿಯೇ, ಆದರೆ ಇಲ್ಲಿ ಬೀಡಾ ನೆಪ ಅಷ್ಟೆ. ಒಂದೊಂದು ಠೇಲಾಕ್ಕೂ ಅದರದೇ ಆದ ಮಂದಿ ಇದ್ದಾರೆ. ದಿನಾ ಅದೇ ಹೊತ್ತಿಗೆ ಬಂದು ಅದೇ ಕಂಬಕ್ಕೆ ಒರಗುತ್ತಾರೆ, ಒಬ್ಬ ಬಾರದಿದ್ದರೆ ಇನ್ನೊಬ್ಬ ಅವನ ಮನೆಗೆ ಹೋಗಿ ವಿಚಾರಿಸುತ್ತಾನೆ. ಗಲ್ಲಿಯೊಳಗೆ ಟ್ಯೂಬ್‌ಲೈಟಿನ ಕೆಳಗೆ ಕೇರಂ ಮಂಡಳ, ಅದರಾಚೆ ಹೆಂಗಸರ ಭಜನಾ ಮಂಡಳ, ಮೂಲೆಯಲ್ಲಿ ಒಣಕಸಕ್ಕೆ ಬೆಂಕಿ ಹಾಕಿ ಕೈಕಾಯಿಸಿಕೊಳ್ಳುವವರ ಹೆಸರಿಲ್ಲದ ಮಂಡಳ. ಧಾರವಾಡದಲ್ಲಿ ಆರು ಗಂಟೆಗೆ ನಾನು ಬಾಗಿಲು ಹಾಕಿಕೊಂಡು ಪೇಪರು ಓದುವವನು. ಇಂಥ ಊರಿನಲ್ಲಿ ಕುಸುಮ ಐದು ವರ್ಷ ಇದ್ದಳಲ್ಲ, ಅವಳಿಗೆ ಒರಗಲು ಒಂದು ಕಂಬ ಸಿಕ್ಕಿತ್ತೋ ಇಲ್ಲವೋ ಎಂದು ಯೋಚಿಸುತ್ತ ಆ ಬೆಂಕಿಯ ಹತ್ತಿರ ನಿಂತೆ. ಯಾರೋ ಸರಿದು ಜಾಗ ಕೊಟ್ಟರು.

ಶನಿವಾರ, ತಪ್ಪು ಕ್ಲಬ್ಬು

ಧರಮಪೇಠದ ಕಡೆ ಒಂದು ಗಣಪತಿ ಮಂಡಳದ ಕಟ್ಟಡ, ಅದರ ಮಾಳಿಗೆಯಲ್ಲಿ ಶನಿವಾರ ಸಂಜೆ ಕನ್ನಡದವರ ಕ್ಲಬ್ಬು. ಕುಸುಮಳ ಕಾಗದಗಳಿಂದ ನನಗೆ ಗೊತ್ತಿದ್ದದ್ದು ಇಷ್ಟು. ಹೋಳಿಗೆಯ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಸೈಕಲ್ ರಿಕ್ಷಾ ಹತ್ತಿ ಕ್ಲಬ್ಬು ಎಂದೆ. ಅವನಿಗೆ ಆ ಒಂದು ಮಾತು ಸಾಕಾಯಿತು. ಊರೆಲ್ಲ ಸುತ್ತಿಸಿ ಸದರ್ ಕಡೆಯ ಒಂದು ದೊಡ್ಡ ಬಂಗಲೆಯ ಮುಂದೆ ಇಳಿಸಿ ಹೊರಟುಹೋದ.

ಬಾಗಿಲಲ್ಲಿ ರುಮಾಲು ಸುತ್ತಿದ ದರವಾನ. ನನ್ನ ಡಬ್ಬಿ ನೋಡಿದ, ಮಫ್ಲರು ನೋಡಿದ, "ಬ್ಯಾಂಡ್‌ವಾಲೇ ಪೀಛೇ ಸೇ" ಎಂದು ಹಿತ್ತಲ ದಾರಿ ತೋರಿಸಿದ. ತಪ್ಪು ತಿದ್ದಲು ನನ್ನ ಹಿಂದಿ ಸಾಲದು. ಹಿಂದಿನಿಂದ ಒಳಗೆ ಹೋದೆ. ವಾದ್ಯದವರ ಜೊತೆ ಬೆಂಚಿನ ಮೇಲೆ ಕೂರಿಸಿ ಚಹಾ ಕೊಟ್ಟರು. ಪರದೆಯ ಸಂದಿಯಿಂದ ನೋಡಿದರೆ ಹಸಿರು ಮೇಜಿನ ಮೇಲೆ ಬಿಲಿಯರ್ಡ್ಸ್, ಗ್ಲಾಸು ಹಿಡಿದ ಕೋಟಿನ ಗಂಡಸರು, ಸ್ವೆಟರಿಲ್ಲದೆ ನಡುಗುತ್ತಲೇ ನಗುವ ಹೆಂಗಸರು. ಕಾಮಠಿಯಿಂದ ಬಂದಿದ್ದ ಒಬ್ಬ ಮುದುಕ ತನ್ನ ತುತ್ತೂರಿ ಒರೆಸುತ್ತ, "ನೀವೇನು ಬಾರಿಸ್ತೀರಿ?" ಎಂದು ಹಿಂದಿಯಲ್ಲಿ ಕೇಳಿದ. ತಂತಿ ಬಾರಿಸುತ್ತೇನೆ ಎಂದೆ. ಅವನು ಸಿತಾರ್ ಎಂದುಕೊಂಡಿರಬೇಕು, ಗೌರವದಿಂದ ತಲೆಯಾಡಿಸಿದ. ಕೊನೆಗೆ ವಿಳಾಸ ಕೇಳಿ, ತಾನೇ ಹೊರಗೆ ಬಂದು, ಬೇರೆ ರಿಕ್ಷಾದವನಿಗೆ ನಾಲ್ಕು ಸಲ ಗುರುತು ಹೇಳಿ ಕೂರಿಸಿದ.

ಹೀಗಾಗಿ ನಾನು ಸರಿಯಾದ ಕ್ಲಬ್ಬಿಗೆ ತಡವಾಗಿ ಹೋದೆ.

ಶನಿವಾರ, ಸರಿಯಾದ ಕ್ಲಬ್ಬು

ಮಾಳಿಗೆಯಲ್ಲಿ ಎರಡು ಕೋಣೆ. ಒಂದರಲ್ಲಿ ಹೌಸಿ ಆಟ ನಡೆದಿತ್ತು. ಬ್ಯಾಂಕಿನವರೊಬ್ಬರು ನಂಬರನ್ನು ಕನ್ನಡದಲ್ಲಿ ಕೂಗುತ್ತಿದ್ದರು. "ನಲವತ್ತೇಳು" ಎಂದರೆ ಮಕ್ಕಳು "ಮ್ಹಣಜೆ ಕಾಯ್?" ಎಂದು ಅರ್ಥ ಕೇಳಿ ತಾಯಂದಿರ ಕಡೆ ತಿರುಗುತ್ತಿದ್ದರು, ತಾಯಂದಿರು "ಸತ್ತೇಚಾಳೀಸ್" ಎಂದು ಕಿವಿಯಲ್ಲಿ ಹೇಳುತ್ತಿದ್ದರು. ಇನ್ನೊಂದು ಕೋಣೆಯಲ್ಲಿ ಕೇರಂ, ಇಸ್ಪೀಟು, ಮೂಲೆಯಲ್ಲಿ ಸ್ಟೋವು. ಸ್ಟೋವಿನ ಹತ್ತಿರ ಸಂಘದ ಹಿರಿಯ ಹೆಣ್ಣುಮಗಳು ನೀಲಕ್ಕ ಕೂತಿದ್ದರು. ಗದಗಿನವರು, ಗಂಡನ ಸರಕಾರಿ ನೌಕರಿಯ ಬೆನ್ನು ಹತ್ತಿ ಬಂದು ಮೂವತ್ತು ವರ್ಷವಾಗಿತ್ತು.

"ಬರ್ರಿ, ಬರ್ರಿ. ಯಾವೂರವ್ರು?"

"ಹುಬ್ಬಳ್ಳಿ" ಅಂದೆ.

ಯಾಕೆ ಸುಳ್ಳು ಹೇಳಿದೆನೆಂದರೆ, ಧಾರವಾಡ ಎಂದರೆ ಯಾರ ಪೈಕಿ ಎಂಬ ಪ್ರಶ್ನೆ ಬರುತ್ತದೆ. ಆಗ ಕುಸುಮಳ ಹೆಸರು ಹೇಳಬೇಕು. ಹೇಳಿದರೆ, ಆಗ ಯಾಕ ಬರಲಿಲ್ರಿ ಎಂದು ಕೇಳುತ್ತಾರೆ. ಮೊದಲು ಸುಮ್ಮನೆ ನೋಡೋಣ, ಆಮೇಲೆ ಹೇಳೋಣ ಎಂದುಕೊಂಡೆ.

"ಕಾಫಿ ಆಗಿಹೋತಲ್ರಿ. ಇರ್ರಿ, ಅಣ್ಣನ ಪಾಲು ಉಳದೈತಿ" ಎಂದು ನೀಲಕ್ಕ ಪಾತ್ರೆಯ ತಳದಲ್ಲಿದ್ದ ಕಾಫಿಯನ್ನು ಬಗ್ಗಿಸಿ ಕೊಟ್ಟರು. ಮೆಟ್ಟಿಲ ಹತ್ತಿರ ಕೂತಿದ್ದ ವಾಚ್‌ಮನ್ ಪಾಂಡುರಂಗನಿಗೆ, "ಆಜ್ ತುಝಾ ನಸೀಬ್ ಖೋಟಾ, ಪಾಂಡು" ಎಂದರು. ಅವನಿಗೆ ಐವತ್ತರ ಮೇಲೆ ವಯಸ್ಸು. "ಅಸೂ ದ್ಯಾ ಜೀ" ಎಂದು, ಇರಲಿ ಬಿಡಿ ಎಂಬಂತೆ, ನಕ್ಕ. ಅಣ್ಣ ಎಂದರೆ ನಮ್ಮ ಕಡೆ ಯಾವ ಗಂಡಸಿಗಾದರೂ ಅನ್ನುವ ಮಾತು. ನನ್ನನ್ನೇ ಅಂದರು ಎಂದುಕೊಂಡು ಕುಡಿದೆ. ಚೆನ್ನಾಗಿತ್ತು. ಇನ್ನಷ್ಟು ಬಿಸಿ ಇದ್ದರೆ ಆಗುತ್ತಿತ್ತು ಎಂದೂ ಅನ್ನಿಸಿತು.

ನೀಲಕ್ಕನಿಗೆ ಕೈನೆರವಾಗಿ ವಿದ್ಯಾ ಎಂಬ ಹುಡುಗಿ ಇದ್ದಳು, ಮೈಸೂರಿನವಳು, ಗಂಡ ಬ್ಯಾಂಕಿನಲ್ಲಿ. ನನ್ನ ಕೈಯಲ್ಲಿದ್ದ ಲೋಟದ ಮೇಲೆ ಪಾಟೀಲ ಎಂದು ಕೊರೆದಿತ್ತು. ಇದೇನು ಎಂದು ಕೇಳಿದೆ.

"ಇಲ್ಲಿಂದ ಟ್ರಾನ್ಸ್‌ಫರ್ ಆಗೋವ್ರು ಹೆಸರು ಹಾಕ್ಸಿ ಒಂದು ಲೋಟ ಬಿಟ್ಟು ಹೋಗ್ಬೇಕು, ಅದು ಇಲ್ಲಿ ರೂಢಿ ಸಾರ್. ಈ ಪಾಟೀಲರು ಈಗ ಜೋಧಪುರದಲ್ಲಿದ್ದಾರಂತೆ. ನಾನು ನೋಡೇ ಇಲ್ಲ."

ಹಾಗೆಂದು ಅವಳು ಹಲಗೆ ತೋರಿಸಿದಳು. ಸಾಲಾಗಿ ಲೋಟಗಳು. ಜೋಶಿ, ಸುಬ್ಬರಾವ್, ಹಿರೇಮಠ, ಗೀತಾ ಮತ್ತು ಮಕ್ಕಳು. ಅಂಬಾಲಾಕ್ಕೆ, ತಾಂಬರಂಗೆ, ಎಲ್ಲೆಲ್ಲಿಗೋ ಹೋದವರ ಲೋಟದಲ್ಲಿ ಇದ್ದವರು ಕಾಫಿ ಕುಡಿಯುತ್ತಿದ್ದರು. ಹಲಗೆಯ ಮೇಲೆ ಅಲ್ಲ, ಸ್ಟೋವಿನ ಪಕ್ಕದಲ್ಲಿ, ಬೇರೆಯಾಗಿ ಒಂದು ದೊಡ್ಡ ಲೋಟವಿತ್ತು. ಅದರ ಮೇಲೆ ಚಿ. ಸೌ. ಕುಸುಮ ಎಂದಿತ್ತು. ಅಕ್ಷರ ನನ್ನವು. ಮದುವೆಯ ಪಾತ್ರೆ ಕೊಳ್ಳುವಾಗ ಹುಬ್ಬಳ್ಳಿಯ ಅಂಗಡಿಯಲ್ಲಿ ನಾನು ಚೀಟಿಯ ಮೇಲೆ ಬರೆದುಕೊಟ್ಟದ್ದನ್ನು ಕೊರೆಯುವವನು ಹಾಗೇ ತೆಗೆದಿದ್ದ.

"ಅದು ಅಳತೇದು ಸಾರ್" ಎಂದಳು ವಿದ್ಯಾ. "ಕುಸುಮಕ್ಕನ ಲೋಟ ಅಂತೀವಿ. ಅದ್ರಲ್ಲಿ ಹತ್ತು ಲೋಟ ಹಾಲು ಹಾಕಿದ್ರೆ ಎಲ್ರಿಗೂ ಸರಿಹೋಗುತ್ತೆ."

"ಕುಸುಮಕ್ಕ ಅಂದರೆ ಯಾರು?"

"ಗೊತ್ತಿಲ್ಲ ಸಾರ್. ನಾನು ಬಂದು ಆರು ತಿಂಗಳಾಯ್ತು ಅಷ್ಟೆ. ಯಾರೋ ಹಳಬರು."

ಹೋಳಿಗೆಯ ಡಬ್ಬಿಯನ್ನು ನೀಲಕ್ಕನ ಮುಂದಿಟ್ಟು, ತಲೆನೋವು ಎಂದು ಹೇಳಿ ಹೊರಟುಬಂದೆ. ಅವ್ವ ಕೇಳಿದ್ದು ಸಿಕ್ಕಿತ್ತು. ಅದನ್ನು ಕೊಡಿ ಎಂದು ಕೇಳಬೇಕಾದರೆ ನಾನು ಯಾರೆಂದು ಹೇಳಬೇಕಾಗಿತ್ತು.

ಭಾನುವಾರ, ಕ್ವಾರ್ಟರ್ಸ್

ಕುಸುಮ ಇದ್ದ ಮನೆ ನೋಡಲು ವಾಯುಪಡೆಯ ಕ್ವಾರ್ಟರ್ಸಿಗೆ ಹೋದೆ. ನಂಬರು ಬಾಯಿಪಾಠವಿತ್ತು, ಎಷ್ಟೋ ಲಕೋಟೆಯ ಮೇಲೆ ಬರೆದದ್ದು. ಎಲ್ಲ ಮನೆಯೂ ಒಂದೇ ಥರ, ಒಂದೇ ಬಣ್ಣ. ಆ ನಂಬರಿನಲ್ಲಿ ಈಗ ಪಂಜಾಬಿನ ಸಂಸಾರ. ಯಾರು ಬೇಕು ಎಂದು ಆ ಮನೆಯಾಕೆ ಕೇಳಿದಾಗ ವಿಳಾಸ ತಪ್ಪಿತು ಎಂದೆ. ಈ ಊರಲ್ಲಿ ನನ್ನ ಸುಳ್ಳಿನ ಲೆಕ್ಕ ಏರುತ್ತಲೇ ಇತ್ತು. ಆಕೆ ನೀರು ಕೊಟ್ಟಳು. ಹೊಸ್ತಿಲ ಮುಂದೆ ಎಣ್ಣೆಬಣ್ಣದಲ್ಲಿ ಬರೆದ ರಂಗೋಲಿ, ನಮ್ಮ ಕಡೆಯ ಎಳೆ, ಅರ್ಧ ಸವೆದಿತ್ತು. ನಾನು ಅದನ್ನೇ ನೋಡುವುದನ್ನು ಕಂಡು ಆಕೆ, ನಾವು ಬರುವ ಮೊದಲೇ ಇತ್ತು, ತಿಕ್ಕಿದರೂ ಹೋಗಲಿಲ್ಲ, ಹಾಗೇ ಬಿಟ್ಟೆವು ಎಂದಳು. ಅದನ್ನು ತುಳಿಯದ ಹಾಗೆ ಹೆಜ್ಜೆ ಹಾಕಿ ಹೊರಗೆ ಬಂದೆ.

ಗುರುವಾರ, ನೀಲಕ್ಕನ ಮನೆ

ಹೋಳಿಗೆ ತಿಂದ ಋಣಕ್ಕೆ ನೀಲಕ್ಕ ಊಟಕ್ಕೆ ಕರೆಕಳಿಸಿದರು. ಜೋಳದ ರೊಟ್ಟಿ, ಬದನೆಕಾಯಿ, ಮೊಸರು. ಯಜಮಾನರು ಉಂಡು ರೇಡಿಯೋ ಕಿವಿಗೆ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ನಾನು ಗೋಡೆ ನೋಡುತ್ತ, ಆ ಅಳತೆಯ ಲೋಟದ ಕುಸುಮಕ್ಕ ಯಾರು ಎಂದು ಕೇಳಿದೆ. ಕೇಳದೆ ಇರಲು ಆಗಲಿಲ್ಲ.

ನೀಲಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹುಡುಗಿ ಭಾಳ ಚಲೋ ಇದ್ಲರಿ. ಏರ್‌ಫೋರ್ಸಿನವ್ರ ಹೆಂಡ್ತಿ, ಧಾರವಾಡದಾಕಿ. ಬಂದ ಹೊಸತರಾಗ ಬರೇ ಅಳೂಕಿ. ನಾನ ಹಿಡಕೊಂಡ ಬಂದೆ ಕ್ಲಬ್ಬಿಗೆ. ಆಮ್ಯಾಲೆ ಅಕಿ ಬರಲಿಲ್ಲಂದ್ರ ಕ್ಲಬ್ಬ ನಡೀತಿದ್ದಿಲ್ಲ. ಕಾಫಿ ಒಂದ ವಾರ ನೀರು, ಒಂದ ವಾರ ಕಹಿ, ಅದಕ್ಕ ಅಳತಿಗಿರಲಿ ಅಂತ ಮನಿಯಿಂದ ಲೋಟ ತಂದ್ಲು. ನಾಟಕದಾಗ ಗಂಡಸಿನ ಪಾರ್ಟು ಬೇಕಾದ್ರೂ ಅಕಿನ."

ನನಗೆ ಆಗ ಒಂದು ಗಳಿಗೆ ಸಮಾಧಾನವಾಯಿತು. ಅವಳಿಗೆ ಮಂದಿ ಇದ್ದರು. ಎದ್ದು, ನಾನೇ ಅವಳ ಅಣ್ಣ ಎಂದುಬಿಡಬೇಕು ಎನ್ನುವಷ್ಟರಲ್ಲಿ ಅವರು ಮುಂದುವರಿಸಿದರು.

"ಅಕಿಗೊಬ್ಬ ಅಣ್ಣ ಇದ್ದನಂತ್ರಿ. ಇದ್ದನೋ ಇಲ್ಲೋ, ದೇವರಿಗೆ ಗೊತ್ತು. ಎಲ್ಲಾ ಮಾತಿಗೂ ನಮ್ಮ ಅಣ್ಣ, ನಮ್ಮ ಅಣ್ಣ. ಒಂದ ವರ್ಷ ಬರತಾನಂತ ಕ್ಲಬ್ಬಿನ್ಯಾಗ ಎಲ್ಲಾರಿಗೂ ಸಾರಿದ್ಲು. ಮುಂದಿನ ಸಾಲಿನ್ಯಾಗ ಕುರ್ಚಿ ಹಿಡಿದಿಟ್ಲು. ನಾವ ನಾಕ ಮಂದಿ ಹೆಣ್ಮಕ್ಕಳು ಸ್ಟೇಷನ್ನಿಗೆ ಹೋದ್ವಿ. ಗಾಡಿ ಬಂತು, ಎಲ್ಲಾರೂ ಇಳದು ಹೋದ್ರು. ಮುಂದಿನ ಗಾಡಿಗೆ ಇರಬೇಕು ಅಂದ್ಲು. ಅದೂ ಬಂತು. ಅಕಿ ಒಂದೊಂದ ಡಬ್ಬಿ ಕಿಡಕ್ಯಾಗ ಹಣಿಕಿ ಹಾಕಿ ಬಂದ್ಲು."

ನಾನು ರೊಟ್ಟಿ ಮುರಿಯುತ್ತ ಕೂತಿದ್ದೆ. ಚೂರುಗಳು ತಾಟಿನಲ್ಲೇ ಗುಡ್ಡೆಯಾದವು.

"ಅಂದಿನಿಂದ ನಾವ ಚಾಷ್ಟಿ ಹಚ್ಚಿದ್ವಿ. ಕುಸುಮಾ, ನಿಮ್ಮಣ್ಣ ಖರೇನ ಐದಾನೋ, ನೀನ ಹುಟ್ಟಿಸಿಯೋ ಅಂತ. ಅಕಿ ನಕ್ಕೊಂತ ಒಂದ ಲೋಟ ಹಾಲು ಹೆಚ್ಚಿಗಿ ಹಾಕೂಕಿ. ಗಾಡಿ ಲೇಟ್ ಐತ್ರಿ, ಬರತಾನ, ಅವನ ಪಾಲು ಇರಲಿ ಅನ್ನೂಕಿ. ಪ್ರತಿ ಶನಿವಾರ. ಅಕಿ ತೀರಿಹೋದ ಮ್ಯಾಲೆ ಮೊದಲನೇ ಶನಿವಾರ ನಾನ ಹಾಲ ಅಳದೆ. ಹತ್ತಕ್ಕ ನಿಲ್ಲಸಾಕ ಕೈ ಬರಲಿಲ್ರಿ. ಹನ್ನೊಂದ ಹಾಕಿದೆ. ಈಗೂ ಹನ್ನೊಂದ. ಯಾರ ತಡಮಾಡಿ ಬರತಾರೋ ಅವ್ರಿಗೆ ಅಣ್ಣನ ಪಾಲು. ಯಾರೂ ಇಲ್ಲಂದ್ರ ಪಾಂಡುಗ."

ಹೋದ ಶನಿವಾರ ತಪ್ಪು ಕ್ಲಬ್ಬಿಗೆ ಹೋಗಿ ತಡವಾಗಿ ಬಂದು ನಾನು ಕುಡಿದದ್ದು ನನ್ನದೇ ಪಾಲಾಗಿತ್ತು. ಬಿಸಿ ಸಾಲದು ಎಂದು ಬೇರೆ ಅಂದುಕೊಂಡಿದ್ದೆ.

"ರೊಟ್ಟಿ ಬರೋಬರ್ ಆಗಿಲ್ಲೇನ್ರಿ?" ಎಂದರು ನೀಲಕ್ಕ. ಖಾರ ಹತ್ತಿತು ಎಂದೆ. ಅದನ್ನು ಅವರು ನಂಬಿದರು, ನನ್ನ ಕಣ್ಣು ಹಾಗಿದ್ದವು.

ಶುಕ್ರವಾರ, ಇತವಾರಿ

ಇತವಾರಿಯ ಪಾತ್ರೆ ಬಜಾರಿಗೆ ಹೋಗಿ ಒಂದು ದೊಡ್ಡ ಲೋಟ ಕೊಂಡೆ. ಕಣ್ಣಳತೆಯಲ್ಲಿ ಕುಸುಮಳ ಲೋಟದಷ್ಟೇ ಇರಬೇಕೆಂದು ಹತ್ತಾರು ತಿರುವಿಹಾಕಿದೆ. ಅವಳದನ್ನು ಅವ್ವನಿಗಾಗಿ ಕೇಳಬೇಕು, ಬದಲಿಗೆ ಇದನ್ನು ಬಿಡಬೇಕು. ಬರಿಗೈಯಲ್ಲಿ ಕೇಳಲು ಧೈರ್ಯವಿರಲಿಲ್ಲ.

"ನಾವ್ ಕಾಯ್ ಟಾಕೂ ಜೀ?" ಎಂದು, ಯಾವ ಹೆಸರು ಹಾಕಲಿ ಎಂದು, ಹೆಸರು ಕೊರೆಯುವವನು ಕೇಳಿದ. ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟೆ. ಅವನಿಗೆ ಓದಲು ಬರದು, ಚಿತ್ರ ತೆಗೆದಂತೆ ನೋಡಿ ನೋಡಿ ಕೊರೆದ. ಮುಗಿಸಿ, ಇದು ಯಾರ ಹೆಸರು ಎಂದು ಕೇಳಿದ. ನನ್ನದೇ ಎಂದೆ. ನಾಗಪುರದಲ್ಲಿ ನಾನು ಆಡಿದ ಮೊದಲ ನಿಜ ಅದು. ಲೋಟದ ಮೇಲೆ ಕುಸುಮಳ ಅಣ್ಣ ಎಂದಿತ್ತು.

ಎರಡನೆಯ ಶನಿವಾರ

ಈ ಸಲ ಆರಕ್ಕೆ ಮೊದಲೇ ಹೋದೆ. ಪಾಂಡುರಂಗ ಬೀಗ ತೆಗೆಯುತ್ತಿದ್ದ. ಇವತ್ತು ಲೇಟಿಲ್ಲವಲ್ಲ ಜೀ, ನನ್ನ ಕಾಫಿ ಉಳಿಯಿತು ಎಂದ.

ಮಂದಿ ಬಂದರು. ಪಕ್ಕದ ಕೋಣೆಯಲ್ಲಿ ಹೌಸಿ ಸುರುವಾಯಿತು. ವಿದ್ಯಾ ಹಾಲು ಅಳೆಯಲು ಕೂತಳು. ಒಂದು, ಎರಡು, ಮೂರು. ನಾನು ಗೋಡೆಗೆ ಒರಗಿ ಎಣಿಸುತ್ತಿದ್ದೆ. ಹತ್ತು ಆಯಿತು. ಅವಳು ಹನ್ನೊಂದನೆಯದನ್ನು ತುಂಬಿ, "ಇದು ಅಣ್ಣಂದು" ಎಂದು ತನ್ನಷ್ಟಕ್ಕೆ ಹೇಳಿ ಸುರಿದಳು.

"ಆ ಅಣ್ಣ ನಾನ ಅದೀನ್ರಿ" ಎಂದೆ.

ವಿದ್ಯಾಳಿಗೆ ಏನೂ ತಿಳಿಯಲಿಲ್ಲ. ನೀಲಕ್ಕ ಕಾಫಿಪುಡಿಯ ಡಬ್ಬಿ ಹಿಡಿದವರು ನನ್ನ ಕಡೆ ತಿರುಗಿದರು. ನಾನು ಹುಬ್ಬಳ್ಳಿಯವನಲ್ಲ, ಧಾರವಾಡದವನು, ಅವತ್ತು ಆ ಗಾಡಿ ಹತ್ತಲೇ ಇಲ್ಲ ಎಂದು ಹೇಳಿದೆ. ಕಾರಣ ಏನೂ ಇರಲಿಲ್ಲ ಎಂದೂ ಹೇಳಿದೆ.

ನೀಲಕ್ಕ ಡಬ್ಬಿಯನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಹಂಗಾರ ಕುಸುಮ ಖರೇನ ಹೇಳಿದ್ಲು" ಎಂದರು. ಆಮೇಲೆ ಪಕ್ಕದ ಕೋಣೆಯ ಬಾಗಿಲಿಗೆ ಹೋಗಿ, "ಏ, ಹಳಬರು ಯಾರ್ಯಾರ ಅದೀರಿ, ಇಲ್ಲೆ ಬರ್ರಿ. ಕುಸುಮನ ಅಣ್ಣ ಬಂದಾರ" ಎಂದರು.

ಹೌಸಿ ನಿಂತಿತು. ಮೂರು ಜನ ಹೆಂಗಸರು ಎದ್ದು ಬಂದರು. ಆ ದಿನ ಅವಳ ಜೊತೆ ಸ್ಟೇಷನ್ನಿಗೆ ಹೋದವರು. ಮಾತಲ್ಲೇ ಬಹಳ ದಿನ ಕೇಳಿದ್ದನ್ನು ಕಣ್ಣಿಂದ ನೋಡುವ ಹಾಗೆ ನೋಡಿದರು. ಒಬ್ಬಾಕೆ, "ಮೂಗು ಅಕಿದ ಐತಿ" ಎಂದು ಇನ್ನೊಬ್ಬಾಕೆಗೆ ಹೇಳಿದರು. ನಾವು ಅಕಿನ್ನ ಭಾಳ ಕಾಡಿದ್ವಿ ಎಂದು ಇನ್ನೊಬ್ಬರು ಕಣ್ಣೊರೆಸಿಕೊಂಡರು. ಅವರ ತಪ್ಪಿಗೆ ಅವರು ಅಳುತ್ತಿದ್ದರು. ತಪ್ಪು ಅವರದಾಗಿರಲಿಲ್ಲ.

ಅವ್ವ ಕೇಳಿದ್ದನ್ನು ಹೇಳಿದೆ. ಹೊಸ ಲೋಟವನ್ನು ಚೀಲದಿಂದ ತೆಗೆದು ಮುಂದಿಟ್ಟೆ. ನೀಲಕ್ಕ ಅದರ ಮೇಲೆ ಕೊರೆದಿದ್ದನ್ನು ಓದಿದರು.

"ತಾಯಿ ಕೇಳ್ಯಾಳಂದ್ರ ಇಲ್ಲ ಅನ್ನಾಕ ನಾವ್ಯಾರ್ರಿ" ಎಂದು ಕುಸುಮಳ ಲೋಟ ತೊಳೆದರು. ಕೊಡುವ ಮೊದಲು, ಮುಂದಿನ ಅಳತೆ ತಿಳಿಯಬೇಕಲ್ಲ ಎಂದು ವಿದ್ಯಾ ಅದರ ತುಂಬ ನೀರು ತುಂಬಿ ಹೊಸದಕ್ಕೆ ಸುರಿದು ನೋಡಿದಳು. ಹೊಸದು ತುಂಬಿ ತುಳುಕಿತು. ಎರಡು ಬೆರಳಿನಷ್ಟು ನೀರು ಕುಸುಮಳದರಲ್ಲೇ ಉಳಿಯಿತು. ಕಣ್ಣಳತೆ ತಪ್ಪಿತ್ತು.

"ಪರವಾಗಿಲ್ಲ ಸಾರ್, ಒಂದೊಂದು ಚೂರು ಜಾಸ್ತಿ ಹಾಕ್ಕೋತೀವಿ" ಎಂದಳು ವಿದ್ಯಾ. "ಹತ್ತಕ್ಕೆ ಹತ್ತು, ಮೇಲೆ ಅಣ್ಣಂದು."

"ಇನ್ನ ಅಣ್ಣಂದು ಬ್ಯಾಡವ್ವಾ" ಎಂದರು ನೀಲಕ್ಕ. "ಅಣ್ಣ ಬಂದ್ರಲ್ಲ."

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಕಾದದ್ದು ಮುಗಿಯಿತು ಎಂಬ ಹಾಗೆ ಹೇಳಿದರು. ನಿಲ್ಲಿಸಬೇಡಿ ಎನ್ನಬೇಕಾಗಿತ್ತು ನಾನು. ಒಂದೇ ಪದ. ಅದೂ ಬಾಯಿಂದ ಬರಲಿಲ್ಲ.

ಆ ಸಂಜೆಯ ಹನ್ನೊಂದನೆಯ ಪಾಲನ್ನು ಕುಸುಮಳ ಲೋಟದಲ್ಲೇ ಬಗ್ಗಿಸಿ ನನಗೆ ಕೊಟ್ಟರು. ಬಿಸಿಯಾಗಿತ್ತು. ಎಲ್ಲರೂ ನೋಡುತ್ತಿರುವಾಗ ಪೂರ್ತಿ ಕುಡಿದೆ. ಇಳಿದು ಬರುವಾಗ ಪಾಂಡುರಂಗ ತನ್ನ ಖಾಲಿ ಬಟ್ಟಲು ಪಕ್ಕಕ್ಕಿಟ್ಟು ಎದ್ದುನಿಂತು, ಸಾವಕಾಶ ಹೋಗಿ ಜೀ, ಮೆಟ್ಟಿಲಿಗೆ ದೀಪವಿಲ್ಲ ಎಂದ.

ಧಾರವಾಡ

ಮನೆ ತಲುಪಿದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಲೋಟ ಕೊಟ್ಟೆ. ಕಣ್ಣು ಸರಿಯಾಗಿ ಕಾಣದು, ಹೆಸರಿನ ಮೇಲೆ ಬೆರಳಾಡಿಸಿ ಗುರುತು ಹಿಡಿದಳು. ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು.

ಹಾಲು ಅಳೆಯುತ್ತಿದ್ದದ್ದು, ನಾಟಕದಲ್ಲಿ ಗಂಡಸಿನ ಪಾರ್ಟು ಮಾಡಿದ್ದು, ನೀಲಕ್ಕ ಕೈಹಿಡಿದು ಕ್ಲಬ್ಬಿಗೆ ಕರೆತಂದದ್ದು, ಎಲ್ಲ ಹೇಳಿದೆ. ಅವ್ವ ಒಂದೆರಡು ಕಡೆ ನಕ್ಕಳು. ಸ್ಟೇಷನ್ನಿನ ಸಂಗತಿ ಹೇಳಲಿಲ್ಲ. ಹನ್ನೊಂದನೆಯ ಲೋಟದ್ದೂ ಹೇಳಲಿಲ್ಲ.

"ಅಲ್ಲಿ ಮಂದಿ ಇನ್ನೂ ಅಕಿನ್ನ ನೆನಸ್ತಾರೇನೋ?" ಎಂದು ಕೇಳಿದಳು.

"ಪ್ರತಿ ಶನಿವಾರ ನೆನಸ್ತಾರವ್ವ" ಎಂದೆ.

ಅವ್ವ ಲೋಟವನ್ನು ಮಡಿಲಲ್ಲಿಟ್ಟುಕೊಂಡು ತೃಪ್ತಿಯಿಂದ ತಲೆಯಾಡಿಸಿದಳು. ನಾನು ಹೇಳಿದ್ದು ಹೋದ ಶನಿವಾರದವರೆಗೆ ನಿಜವಾಗಿತ್ತು.